ಏಜೆನ್ಸಿಯ ಬೀರುವಿನಲ್ಲಿದ್ದ ಡಿಸ್ಚಾರ್ಜ್ ಬುಕ್

ಈ ವರ್ಷ ಜೂನ್ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯಲ್ಲಿ ನನ್ನ ತಮ್ಮನ ಅರ್ಜಿ ವಾಪಸಾಯಿತು. ಅದರ ಜೊತೆ ಇರಬೇಕಾಗಿದ್ದ ಡಿಸ್ಚಾರ್ಜ್ ಬುಕ್ ಇರಲಿಲ್ಲ. ಜೆರಾಕ್ಸ್ ಇತ್ತು.

ಸೈನ್ಯದಿಂದ ನಿವೃತ್ತನಾಗಿ ಊರಿಗೆ ಹೊರಡುವವನ ಕೈಗೆ ಒಂದು ಸಣ್ಣ ಪುಸ್ತಕ ಕೊಡುತ್ತಾರೆ. ಅದೇ ಡಿಸ್ಚಾರ್ಜ್ ಬುಕ್. ಯಾವತ್ತು ಸೇರಿದ, ಯಾವತ್ತು ಬಿಟ್ಟ, ಪದಕ ಏನಾದರೂ ಇದೆಯೇ, ನಡತೆ ಹೇಗಿತ್ತು, ಹೆಂಡತಿ ಮಕ್ಕಳು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಕಳೆದುಹೋದರೆ ಇನ್ನೊಂದು ಸಿಗುವುದು ಬಹಳ ಕಷ್ಟ. ತಮ್ಮ ಹದಿನೇಳು ವರ್ಷ ಸೇವೆ ಮಾಡಿ ಹವಾಲ್ದಾರನಾಗಿ ಬಂದವನು. ಭದ್ರಾವತಿಯ ಜನ್ನಾಪುರದಲ್ಲಿ ಅವನ ಮನೆ. ಶಿವಮೊಗ್ಗದ ಒಂದು ಸೆಕ್ಯುರಿಟಿ ಏಜೆನ್ಸಿಯಲ್ಲಿ ಗನ್‌ಮ್ಯಾನ್. ಸ್ವಂತ ಲೈಸೆನ್ಸಿನ ಬಂದೂಕು ಹಿಡಿದು ಎಟಿಎಂಗಳಿಗೆ ಹಣ ತುಂಬುವ ಗಾಡಿಯ ಜೊತೆ ಅವನ ಓಡಾಟ.

ಅವನ ಒಬ್ಬಳೇ ಮಗಳು ಸಿಇಟಿ ಬರೆದಿದ್ದಳು. ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯವರು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋಗಿದ್ದರು. ಆನೆಯ ಕಾಲಿನ ಗಾಯಕ್ಕೆ ಡಾಕ್ಟರು ಔಷಧಿ ಹಾಕುವುದನ್ನು ನೋಡಿ ಬಂದವಳು ಆವತ್ತಿನಿಂದ ಪಶುವೈದ್ಯಕೀಯ ಬಿಟ್ಟು ಬೇರೇನನ್ನೂ ಹೇಳಿರಲಿಲ್ಲ. ಅವಳ ರ‍್ಯಾಂಕಿಗೆ ಸಾಮಾನ್ಯ ಪಟ್ಟಿಯಲ್ಲಿ ಆ ಸೀಟು ಸಿಗುವಂತಿರಲಿಲ್ಲ. ಮಾಜಿ ಸೈನಿಕರ ಮಕ್ಕಳಿಗೆ ರಾಜ್ಯ ಸರ್ಕಾರ ಮೀಸಲಿಡುವ ಸೀಟುಗಳಲ್ಲಿ ಸಿಗಬಹುದಿತ್ತು. ಅದಕ್ಕೆ ಎರಡು ದಾಖಲೆ ಬೇಕು: ಸೈನಿಕ ಕಲ್ಯಾಣ ಕಚೇರಿಯ ಪ್ರಮಾಣಪತ್ರ, ಮತ್ತು ಮೂಲ ಡಿಸ್ಚಾರ್ಜ್ ಬುಕ್. ಪರಿಶೀಲನೆ ಬೆಂಗಳೂರಿನಲ್ಲಿ, ಗುರುವಾರ ಮಧ್ಯಾಹ್ನ ಎರಡಕ್ಕೆ. ಆ ದಿನ ತಪ್ಪಿದರೆ ಆ ಮೀಸಲಾತಿಯೂ ತಪ್ಪಿದಂತೆ.

ಕೌಂಟರಿನಲ್ಲಿ ಇದ್ದವರು ನಿವೃತ್ತ ಸುಬೇದಾರರು. ಜೆರಾಕ್ಸನ್ನು ತಿರುವಿ ಹಾಕಿ ಕನ್ನಡಕ ತೆಗೆದರು.

"ಒರಿಜಿನಲ್ ಎಲ್ರೀ, ಕಳ್ದೋಯ್ತಾ?"

"ಇಲ್ಲ ಸಾರ್. ಕೆಲಸಕ್ಕೆ ಸೇರುವಾಗ ಏಜೆನ್ಸಿಯವ್ರಿಗೆ ಕೊಟ್ಟೆ. ಅವ್ರ ಹತ್ರಾನೇ ಇದೆ."

"ಯಾವತ್ತಾದ್ರೂ ರೈಫಲ್ ಯಾರ ಕೈಗಾದ್ರೂ ಕೊಟ್ಟು ಚಾ ಕುಡಿಯೋಕ್ಕೆ ಹೋಗಿದ್ರೇನ್ರೀ?"

"ಇಲ್ಲ ಸಾರ್."

"ಮತ್ತೆ ಇದನ್ನ ಹೆಂಗ್ ಕೊಟ್ರಿ?"

ಸುಬೇದಾರರು ಅರ್ಜಿಯನ್ನು ತಮ್ಮನ ಕಡೆ ಸರಿಸಿದರು. "ನಾನು ಕಣ್ಮುಚ್ಚಿ ಸರ್ಟಿಫಿಕೇಟ್ ಕೊಡಿಸಿದೆ ಅಂತಾನೇ ಇಟ್ಕೊಳ್ಳಿ. ಬೆಂಗಳೂರಲ್ಲಿ ಒರಿಜಿನಲ್ ತೋರ್ಸಿ ಅಂತಾರೆ. ಹುಡುಗೀನ ಬಾಗ್ಲಲ್ಲಿ ನಿಲ್ಲಿಸ್ತಾರೆ. ಬುಕ್ ತಗೊಂಡ್ ಬನ್ನಿ, ಹತ್ತು ನಿಮಿಷದ ಕೆಲಸ ನಂದು."

ಕಚೇರಿಯ ಮೆಟ್ಟಿಲ ಮೇಲೆ ನಾನೂ ಅದನ್ನೇ ಕೇಳಿದೆ, ಯಾಕೆ ಕೊಟ್ಟೆ ಎಂದು. ಅವನ ಉತ್ತರ ಸರಳವಾಗಿತ್ತು. ಹದಿನೆಂಟನೇ ವಯಸ್ಸಿನಲ್ಲಿ ಭರ್ತಿಯಾದಾಗ ಮಾರ್ಕ್ಸ್ ಕಾರ್ಡ್, ಜಾತಿ ಪತ್ರ ಎಲ್ಲ ಸೈನ್ಯಕ್ಕೆ ಕೊಟ್ಟಿದ್ದ. ಬಿಟ್ಟು ಬರುವಾಗ ಒಂದು ಮಡಿಕೆಯೂ ಇಲ್ಲದೆ ವಾಪಸು ಬಂದಿದ್ದವು. ಏಜೆನ್ಸಿಯ ಮ್ಯಾನೇಜರ್ ಕೂಡ ಮಾಜಿ ನಾಯಬ್ ಸುಬೇದಾರ್. "ಸೇಫಾಗಿ ಇಡ್ತೀನಿ" ಅಂದಿದ್ದರು. ಎಲ್ಲರೂ ಕೊಟ್ಟರು, ಇವನೂ ಕೊಟ್ಟ. ಬುಕ್ ಒಳಗಿದ್ದರೆ ಆಳು ಬೇರೆ ಕಡೆ ಹೋಗುವುದಿಲ್ಲ ಎಂಬ ಲೆಕ್ಕ ಅವನಿಗೆ ಹೊಳೆದದ್ದು ಒಂದು ವರ್ಷ ಕಳೆದ ಮೇಲೆ.

ಅವನು ಅಲ್ಲಿಂದಲೇ ಏಜೆನ್ಸಿಗೆ ಹೋದ. ನಾನು ಪತ್ರಿಕೆಯ ಕಚೇರಿಗೆ ಹೋದೆ. ಜಿಲ್ಲಾ ಆವೃತ್ತಿಯ ಡೆಸ್ಕಿನಲ್ಲಿ ನನ್ನ ಕೆಲಸ, ಇಪ್ಪತ್ತೆರಡು ವರ್ಷವಾಯಿತು.

ಸಂಜೆ ಜನ್ನಾಪುರಕ್ಕೆ ಹೋದಾಗ ತಮ್ಮ ಮರುದಿನದ ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದ. ಮಗಳು ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಮ್ಯಾನೇಜರ್ ಏನಂದರು ಎಂದು ಕೇಳಿದೆ.

"ಕೊಡಲ್ಲ ಅನ್ಲಿಲ್ಲ ಅಕ್ಕ. ಬುಧವಾರದ ಡ್ಯೂಟಿಗೆ ಆಳಿಲ್ಲ, ಮುಗಿಸಿ ರಾತ್ರಿ ಏಳಕ್ಕೆ ಬಾ, ತಗೊಂಡ್ ಹೋಗು ಅಂದ್ರು. ಸೈನಿಕ ಆಫೀಸು ಐದೂವರೆಗೆ ಮುಚ್ತಾರೆ ಸಾಬ್ ಅಂದೆ. ಅವ್ರಿಗೆ ನಂಬಿಕೆ ಇಲ್ಲ, ಹೋದ ತಿಂಗಳು ಒಬ್ಬ ಹಿಂಗೇ ಮಗನ ಅಡ್ಮಿಷನ್ ಅಂತ ಬುಕ್ ಇಸ್ಕೊಂಡು, ಮಾರನೇ ದಿನ ಬೇರೆ ಕಂಪನಿ ಗಾಡೀಲಿ ನಿಂತಿದ್ನಂತೆ."

"ನಾಳೆ ಡ್ಯೂಟಿಗೆ ಹೋಗ್ಬೇಡ."

"ಹೋಗ್ದೇ ಇದ್ರೆ ಬುಕ್ಕೇ ಸಿಗಲ್ವಲ್ಲ."

ಒಳಗಿನಿಂದ ಅವನ ಹೆಂಡತಿ ಹೇಳಿದಳು: "ಬಂದೂಕು ಮನೆಗೆ ತಂದ್ರು, ಬುಕ್ ಅಲ್ಲಿಟ್ಟು ಬಂದ್ರು. ಉಲ್ಟಾ ಮಾಡಿದ್ರೆ ಮನೆಲಿ ಜಾಗಾನಾದ್ರೂ ಉಳೀತಿತ್ತು."

"ಸುಮ್ನಿರು ಮಾರಾಯ್ತಿ," ಎಂದ ತಮ್ಮ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ನೀನು ಒಂದು ಫೋನ್ ಮಾಡಿದ್ರೆ ಆಗುತ್ತೆ."

"ನಾನ್ ಮಾಡಿದ್ರೆ ಅದು ನಿನ್ ಅಕ್ಕನ ಫೋನ್ ಆಗಲ್ಲ ಕಣೋ, ಪೇಪರ್‌ನೋರ ಫೋನ್ ಆಗುತ್ತೆ."

"ಅದಕ್ಕೇ ತಾನೇ ಕೇಳ್ತಿರೋದು!"

ಮನೆಯ ಕೆಲಸಕ್ಕೆ ಪತ್ರಿಕೆಯ ಹೆಸರು ಹೇಳಬಾರದು ಎಂದು ಕೆಲಸಕ್ಕೆ ಸೇರಿದ ವಾರದಲ್ಲೇ ನಮ್ಮ ಸುದ್ದಿ ಸಂಪಾದಕರು ಹೇಳಿದ್ದರು. ನಾನು ಅದನ್ನು ಮೀರಿರಲಿಲ್ಲ. ಆ ಸಂಜೆ ಫೋನು ನನ್ನ ಕೈಯಲ್ಲಿತ್ತು, ಮ್ಯಾನೇಜರರ ನಂಬರ್ ತಮ್ಮನ ಹತ್ತಿರ ಇತ್ತು. ಮಗಳು ಫೈಲಿನ ದಾರ ಬಿಚ್ಚುತ್ತ, ಕಟ್ಟುತ್ತ ಇದ್ದಳು. "ಅತ್ತೆ, ಫೋನ್ ಬೇಡ ಅಂದ್ರೆ ಬೇಡ. ಬೇರೆ ಏನ್ ಮಾಡ್ಬೋದು ಅಂತ ಹೇಳಿ," ಎಂದಳು. ನಾಳೆ ಬೆಳಿಗ್ಗೆ ಹತ್ತಕ್ಕೆ ಸೈನಿಕ ಕಚೇರಿಗೆ ಬಾ, ಸುಬೇದಾರರನ್ನು ಇನ್ನೊಂದು ಸಲ ಕೇಳೋಣ ಎಂದೆ.

ಬುಧವಾರ ರಜೆ ಹಾಕಿದೆ. ಸುಬೇದಾರರು ಪೂರ್ತಿ ಕೇಳಿಸಿಕೊಂಡರು. ತಮ್ಮನ ಹಳೆಯ ನೋಂದಣಿ ಕಡತವನ್ನು ಕಪಾಟಿನಿಂದ ತೆಗೆಸಿದರು. ಊರಿಗೆ ಬಂದ ವರ್ಷ ಅವನು ಇಲ್ಲಿ ಹೆಸರು ಬರೆಸುವಾಗ ತೋರಿಸಿದ್ದ ಬುಕ್ಕಿನ ನಂಬರ್ ಅದರಲ್ಲಿತ್ತು. ಅದನ್ನು ಹಾಕಿ ಅವರೇ ಒಂದು ಪತ್ರ ಟೈಪ್ ಮಾಡಿದರು. ಇಂಥ ನಂಬರಿನ ಡಿಸ್ಚಾರ್ಜ್ ಬುಕ್ ಈ ಕಚೇರಿಯ ಪರಿಶೀಲನೆಗೆ ಈ ದಿನವೇ ಬೇಕಾಗಿದೆ, ಅದು ಮಾಜಿ ಸೈನಿಕನ ಬಳಿಯೇ ಇರಬೇಕಾದ ದಾಖಲೆ, ಅವನಿಗೆ ಹಿಂದಿರುಗಿಸುವುದು. ಒಟ್ಟು ಐದು ಸಾಲು.

"ಇದು ಆರ್ಡರ್ ಅಲ್ಲ ಮೇಡಂ, ಬರೀ ಕಾಗದ. ಆದ್ರೆ ಆ ಮನುಷ್ಯನೂ ಪಲ್ಟನ್‌ನೋನು. ಲೆಟರ್‌ಹೆಡ್ ನೋಡಿದ್ರೆ ಕೂತ್ಕೊಂಡು ಓದಲ್ಲ."

ಸಹಿ ಹಾಕಬೇಕಾದ ಉಪನಿರ್ದೇಶಕರು ಜಿಲ್ಲಾಧಿಕಾರಿ ಕಚೇರಿಯ ಸಭೆಯಲ್ಲಿದ್ದರು. ಹನ್ನೊಂದು, ಹನ್ನೆರಡು, ಒಂದು ಗಂಟೆಯಾಯಿತು. ತಮ್ಮನ ಫೋನ್ ಸ್ವಿಚ್ ಆಫ್. ಹಣದ ಗಾಡಿಯಲ್ಲಿ ಇರುವವರು ಫೋನ್ ಇಟ್ಟುಕೊಳ್ಳುವಂತಿಲ್ಲ. ಬೆಂಚಿನ ಮೇಲೆ ನಮ್ಮ ಪಕ್ಕ ಕುಳಿತಿದ್ದ ವೃದ್ಧೆಯೊಬ್ಬರು ಹುಡುಗಿಗೆ ಎರಡು ಬಿಸ್ಕತ್ತು ಕೊಟ್ಟರು. ಅವಳು ಅದನ್ನು ತಿನ್ನಲಿಲ್ಲ, ಹಿಡಿದುಕೊಂಡೇ ಇದ್ದಳು. ಉಪನಿರ್ದೇಶಕರು ಬಂದಾಗ ಮೂರೂ ಇಪ್ಪತ್ತು. ನಿಂತಲ್ಲೇ ಓದಿ ಸಹಿ ಹಾಕಿದರು. "ಐದೂವರೆ ತನಕ ಇರ್ತೀನಿ. ಆಮೇಲೆ ನಾನು ಊರಲ್ಲಿರಲ್ಲ," ಎಂದರು.

ಏಜೆನ್ಸಿ ಬಸ್ ಸ್ಟ್ಯಾಂಡ್ ಕಡೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಮ್ಯಾನೇಜರ್ ಬ್ಯಾಂಕಿಗೆ ಹೋಗಿದ್ದರು. ನಾಲ್ಕೂ ಇಪ್ಪತ್ತಕ್ಕೆ ಬಂದರು. ದಪ್ಪ ಮೀಸೆ, ಮಡಿಕೆ ಮುರಿಯದ ಅಂಗಿ. ಪತ್ರವನ್ನು ಅವರು ಎದ್ದು ನಿಂತೇ ಓದಿದರು, ಎರಡು ಸಲ.

"ನೀವ್ಯಾರು ಮೇಡಂ?"

"ಅವನ ಅಕ್ಕ."

"ಪೇಪರ್‌ನೋರಲ್ವಾ? ಯಾವ್ದೋ ಪ್ರೆಸ್ ಮೀಟಲ್ಲಿ ನೋಡಿದೀನಿ ನಿಮ್ಮನ್ನ."

"ಈಗ ಅವನ ಅಕ್ಕ ಆಗಿ ಬಂದಿದೀನಿ."

ಅವರು ನಕ್ಕರು. "ಎಲ್ರೂ ಹಂಗೇ ಬರೋದು." ಬೀಗದ ಕೈ ತೆಗೆದು ಕಬ್ಬಿಣದ ಬೀರು ತೆರೆದರು. ಒಳಗೆ ಒಂದು ಖಾನೆಯ ತುಂಬ ಡಿಸ್ಚಾರ್ಜ್ ಬುಕ್‌ಗಳಿದ್ದವು. ರಬ್ಬರ್ ಬ್ಯಾಂಡ್ ಹಾಕಿ, ಹೆಸರಿನ ಚೀಟಿ ಸಿಕ್ಕಿಸಿ ಇಟ್ಟಿದ್ದರು. ಆ ಬೀರು ತೆರೆದದ್ದು ಪತ್ರದಿಂದಲೋ, ನನ್ನ ಕೆಲಸ ಅವರಿಗೆ ಗೊತ್ತಿದ್ದುದರಿಂದಲೋ ನನಗೆ ಗೊತ್ತಿಲ್ಲ. ಎರಡೂ ಅವರ ಮುಂದೆ ಇದ್ದವು.

ತಮ್ಮನ ಬುಕ್ ಸಿಕ್ಕಿತು. ಹುಡುಗಿ ಕೈ ಚಾಚಿದಳು. ಮ್ಯಾನೇಜರ್ ಕೊಡಲಿಲ್ಲ.

"ರಸೀದಿಗೆ ಅವನೇ ಸಹಿ ಹಾಕ್ಬೇಕಮ್ಮ. ಕೊಟ್ಟೋನು ಅವನು, ತಗೊಳ್ಳೋನೂ ಅವನೇ ಆಗ್ಬೇಕು. ನಾಳೆ ಅವ್ನು ಬುಕ್ ಸಿಗ್ಲಿಲ್ಲ ಅಂದ್ರೆ ನನ್ ಕುತ್ತಿಗೆಗೆ ಬರುತ್ತೆ."

ಗಂಟೆ ನಾಲ್ಕೂ ಮೂವತ್ತೈದು. ಗಾಡಿ ಎಲ್ಲಿದೆ ಎಂದು ಕೇಳಿದೆ. ಅವರು ತಮ್ಮ ಮೊಬೈಲಿನಲ್ಲಿ ನೋಡಿ, ಆಲ್ಕೊಳ ಸರ್ಕಲ್ಲಿನ ಎಟಿಎಂಗೆ ಇನ್ನು ಹತ್ತು ನಿಮಿಷದಲ್ಲಿ ಬರುತ್ತದೆ ಎಂದರು. ಬುಕ್ಕನ್ನೂ ರಸೀದಿಯನ್ನೂ ಅಂಗಿಯ ಒಳಗೆ ಇಟ್ಟುಕೊಂಡು ಸ್ಕೂಟರ್ ಹತ್ತಿದರು. ನಾವು ಆಟೋದಲ್ಲಿ ಹಿಂದೆ ಹೋದೆವು.

ಆಲ್ಕೊಳಕ್ಕೆ ಬಂದಾಗ ಗಾಡಿ ನಿಂತಿತ್ತು. ಎಟಿಎಂ ಷಟರ್ ಅರ್ಧ ಇಳಿದಿತ್ತು. ಒಳಗೆ ಇಬ್ಬರು ಹಣ ತುಂಬುತ್ತಿದ್ದರು. ತಮ್ಮ ಷಟರಿಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಬಂದೂಕು ಹಿಡಿದು ರಸ್ತೆಯ ಕಡೆ ನೋಡುತ್ತ ನಿಂತಿದ್ದ. ಮಗಳು ಆಟೋದಿಂದ ಇಳಿದು ಓಡಲು ಹೋದಳು. ಅವಳ ತೋಳು ಹಿಡಿದು ನಿಲ್ಲಿಸಿದೆ.

ಮ್ಯಾನೇಜರ್ ಹತ್ತು ಹೆಜ್ಜೆ ದೂರದಲ್ಲಿ ನಿಂತು ಕೂಗಿದರು: "ಸಹಿ ಹಾಕು ಬಾ. ನಿನ್ ಬುಕ್ ತಂದಿದೀನಿ."

ತಮ್ಮ ಅವರನ್ನು ನೋಡಿದ, ನಮ್ಮನ್ನು ನೋಡಿದ. ಕದಲಲಿಲ್ಲ.

"ಗಾಡಿ ಬಾಗ್ಲು ಬೀಳ್ಲಿ ಸಾಬ್."

"ಎರಡು ನಿಮಿಷ ಕಣೋ! ನಾನೇ ಹೇಳ್ತಿದೀನಲ್ಲ!"

"ಹಣ ಹೊರಗಿದೆ ಸಾಬ್. ಬಾಗ್ಲು ಬೀಳ್ಲಿ."

ಹುಡುಗಿ ತೋಳು ಬಿಡಿಸಿಕೊಳ್ಳಲು ಎಳೆದಳು. "ಅಪ್ಪಂಗೆ ಟೈಮ್ ಎಷ್ಟಾಯ್ತು ಅಂತ ಗೊತ್ತಿಲ್ವಾ ಅತ್ತೆ?" ಎಂದಳು. ಅವನ ಕೈಯಲ್ಲಿ ಗಡಿಯಾರ ಇತ್ತು. ನಾಲ್ಕೂ ಐವತ್ತೆರಡು, ಐವತ್ತೈದು, ಐವತ್ತೆಂಟು. ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದ ಬಸ್ಸೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಮ್ಯಾನೇಜರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

ಐದೂ ಮೂರಕ್ಕೆ ಒಳಗಿದ್ದವರು ಹೊರಗೆ ಬಂದರು. ಖಾಲಿ ಪೆಟ್ಟಿಗೆಗಳು ಗಾಡಿ ಸೇರಿದವು, ಬಾಗಿಲು ಬಿತ್ತು. ಆಗ ತಮ್ಮ ಬಂದೂಕನ್ನು ಹೆಗಲಿಗೆ ಹಾಕಿ ಬಂದು, ಗಾಡಿಯ ಬಾನೆಟ್ ಮೇಲೆ ರಸೀದಿ ಇಟ್ಟು ಸಹಿ ಹಾಕಿದ. ಬುಕ್ಕನ್ನು ತೆಗೆದು ಮೊದಲ ಪುಟ, ಕೊನೆಯ ಪುಟ ನೋಡಿ ಮಗಳ ಕೈಗೆ ಕೊಟ್ಟ.

"ನಾಳೆಯಿಂದ ಡ್ಯೂಟಿಗೆ ಬರೋದ್ ಬೇಡ," ಎಂದರು ಮ್ಯಾನೇಜರ್.

"ನಾಳೆ ಹೆಂಗೂ ಬರ್ತಿರ್ಲಿಲ್ಲ ಸಾಬ್. ಬೆಂಗಳೂರಿಗೆ ಹೋಗ್ತೀನಿ," ಎಂದ ತಮ್ಮ. ಆ ದಿನದ ಇನ್ನೂ ಎರಡು ಎಟಿಎಂ ಬಾಕಿ ಇದ್ದವು. ಗಾಡಿ ಹತ್ತಿ ಹೋದ.

ನಾವು ಸೈನಿಕ ಕಚೇರಿ ತಲುಪಿದಾಗ ಐದೂ ಇಪ್ಪತ್ತೆರಡು. ಉಪನಿರ್ದೇಶಕರ ಜೀಪು ಅಂಗಳದಲ್ಲಿ ಸ್ಟಾರ್ಟ್ ಆಗಿ ನಿಂತಿತ್ತು. ಸುಬೇದಾರರು ಪ್ರಮಾಣಪತ್ರವನ್ನು ಆಗಲೇ ಟೈಪ್ ಮಾಡಿ ಇಟ್ಟಿದ್ದರು. ಬುಕ್ಕಿನ ಪುಟ ತಿರುವಿ, ಮಗಳ ಹೆಸರು, ಹುಟ್ಟಿದ ದಿನ ಇರುವ ಸಾಲಿನ ಕೆಳಗೆ ಬೆರಳಿಟ್ಟು ಓದಿ ಒಳಗೆ ಹೋದರು. ಸಹಿ, ಮೊಹರು ಬಿದ್ದು ಹೊರಬಂದಾಗ ಐದೂ ಮೂವತ್ತೊಂದು. "ಇದನ್ನ ಇನ್ಯಾರಿಗೂ ಕೊಡ್ಬೇಡಿ ಅಂತ ಹೇಳಮ್ಮ ನಿಮ್ಮಪ್ಪಂಗೆ," ಎಂದರು ಹುಡುಗಿಗೆ. ಅವಳು ಆ ಬಿಸ್ಕತ್ತನ್ನು ತಿಂದದ್ದು ಆಗ.

ಗುರುವಾರ ಬೆಳಗಿನ ರೈಲಿಗೆ ಅಪ್ಪ ಮಗಳು ಹೋದರು. ಬೆಂಗಳೂರಿನಲ್ಲಿ ಏನಾಯಿತು ಎಂಬುದು ಫೋನಿನಲ್ಲಿ ಕೇಳಿದ್ದು: ಎರಡು ತಾಸು ಕಾದರು, ಪರಿಶೀಲನೆ ಹತ್ತು ನಿಮಿಷದಲ್ಲಿ ಮುಗಿಯಿತು, ಮೂಲಪ್ರತಿಯನ್ನು ನೋಡಿ ಅಲ್ಲೇ ವಾಪಸು ಕೊಟ್ಟರು.

ಬೀರುವಿನಲ್ಲಿ ಉಳಿದ ಬುಕ್‌ಗಳ ವಿಷಯವನ್ನು ನಾನು ಡೆಸ್ಕಿನಲ್ಲಿ ಹೇಳಿದೆ. ತಮ್ಮನ ಪ್ರಕರಣ ಇದ್ದುದರಿಂದ ವರದಿಯನ್ನು ನನಗೆ ಕೊಡಲಿಲ್ಲ, ಸಹೋದ್ಯೋಗಿಯೊಬ್ಬರಿಗೆ ಕೊಟ್ಟರು. ಅವರು ನಾಲ್ವರು ಗನ್‌ಮ್ಯಾನ್‌ಗಳನ್ನು ಭೇಟಿ ಮಾಡಿದರು. ಹೆಸರು ಹಾಕಲು ಯಾರೂ ಒಪ್ಪಲಿಲ್ಲ. ವರದಿ ಪ್ರಕಟವಾಗಿಲ್ಲ.

ತಮ್ಮ ಬೇರೆ ಎರಡು ಏಜೆನ್ಸಿಗಳಲ್ಲಿ ಕೆಲಸ ಕೇಳಿದ. ಎರಡೂ ಕಡೆ ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಎಂದರು. ಅವನು ಸೇರಲಿಲ್ಲ.

ಮೊದಲ ಸುತ್ತಿನ ಸೀಟು ಹಂಚಿಕೆಯಲ್ಲಿ ಮಗಳ ಹೆಸರು ಇರಲಿಲ್ಲ. ಎರಡನೆಯ ಸುತ್ತಿನಲ್ಲಿ, ಮಾಜಿ ಸೈನಿಕರ ಮಕ್ಕಳ ಪಟ್ಟಿಯಲ್ಲಿ, ಅವಳಿಗೆ ಪಶುವೈದ್ಯಕೀಯ ಸೀಟು ಸಿಕ್ಕಿತು. ಶಿವಮೊಗ್ಗದಲ್ಲಿ ಅಲ್ಲ, ಬೀದರ್‌ನಲ್ಲಿ. ಹೋದ ಸೋಮವಾರ ಅವಳು ಅಲ್ಲಿಗೆ ಹೋಗಿ ಸೇರಿಕೊಂಡಳು.