ಶ್ರಾವಣದ ಥಳಿ, ನರ್ಸಮ್ಮನ ಸೈಕಲ್

ನರ್ಸಮ್ಮ ಬಿದ್ದದ್ದು ಮಂಜಿನಿಂದಲ್ಲ, ಸೈಕಲ್ಲಿನ ತಪ್ಪೂ ಅಲ್ಲ. ನಾನು ಹೊಡೆದ ನೀರಿನ ಮೇಲೆ ಜಾರಿ ಬಿದ್ದಳು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಮೊನ್ನೆ ಇಲ್ಲಿ, ಸಿಡ್ನಿಯ ರೌಸ್ ಹಿಲ್ ಮನೆಯಲ್ಲಿ, ರಂಗೋಲಿ ಡಬ್ಬಿ ತೊಳೆಯಲು ತೆಗೆದೆ. ತಳದಲ್ಲಿ ಅವಳ ನೀಲಿ ಉಣ್ಣೆಯ ಗ್ಲೌಸು. ಒಂದೇ ಕೈಯದು. ಅಂಗೈಯಲ್ಲಿ ಬಿಳಿ ಪುಡಿ ಹಾಗೇ ಇತ್ತು. ಹೊರಗೆ ಸುಡುವ ಬಿಸಿಲು, ನನ್ನ ಕೈಯಲ್ಲಿ ಆ ಬೆಳಗಿನ ಚಳಿ...

ಆಗ ನಾವು ಮೆಲ್ಬರ್ನಿನ ಕ್ಲೇಟನ್‌ನಲ್ಲಿದ್ದೆವು. ಮಗ, ಸೊಸೆ, ನಾನು. ನಮ್ಮ ಮನೆಯ ಹಿಂದೆ, ಅದೇ ಗೇಟಿನ ಒಳಗಿನ ಸಣ್ಣ ಯುನಿಟ್‌ನಲ್ಲಿ, ಉಡುಪಿ ಕಡೆಯ ನರ್ಸಮ್ಮ ಒಬ್ಬಳೇ ಇದ್ದಳು. ಮುದುಕರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿನಲ್ಲಿ ಹೊಸ ಕೆಲಸ. ಇನ್ನೆರಡು ತಿಂಗಳು ತಪ್ಪದೆ ಹೋದರೆ ಕಾಯಂ. ಅವಳು ಹೊರಡುವ ಹೊತ್ತಿಗೆ ಬಸ್ಸಿರಲಿಲ್ಲ, ಹಾಗಾಗಿ ಸೈಕಲ್ಲು.

ಗಟ್ಟಿಗಿತ್ತಿ, ಆದರೆ ಹುಂಬಳಲ್ಲ. ದಿನಾ ತನ್ನ ಬಾಗಿಲ ಮುಂದಿನ ಹುಲ್ಲನ್ನು ಕಾಲಿಂದ ಒತ್ತಿ ನೋಡುತ್ತಿದ್ದಳು. ಮಂಜುಗಟ್ಟಿ ಕರುಂ ಅಂದರೆ ರಸ್ತೆ ಜಾರುತ್ತದೆ ಅಂತ ಲೆಕ್ಕ. ಅಂಥ ದಿನ ಗೇಟಿನಲ್ಲಿ ಇಳಿದು ಅಂಗಡಿ ಸಾಲಿನ ತನಕ ಸೈಕಲ್ ತಳ್ಳಿಕೊಂಡು ಹೋಗಿ, ಕಾರು ಓಡಾಡಿ ಒಣಗಿದ ದೊಡ್ಡ ರೋಡಿನಲ್ಲಿ ಹತ್ತುವುದು. ಗೇಟಿನ ತನಕದ ನಮ್ಮ ಸಿಮೆಂಟಿನ ಡ್ರೈವ್‌ವೇ ಮಾತ್ರ ಯಾವಾಗಲೂ ಒಣಗಿರುತ್ತಿತ್ತು. ಅಷ್ಟನ್ನು ಅವಳು ನಂಬಿದ್ದಳು.

"ತಂಗಿ, ಈ ಥಂಡ್ಯಾಗ ಎಲುಬು ಮುರಕೊಂಡ್ರ ನಿನಗ ಯಾರು ನರ್ಸು?" ಎಂದು ಕಾಡುತ್ತಿದ್ದೆ.

"ನೀವಿದ್ದೀರಲ್ಲ ಅಜ್ಜಿ. ಇಂಜೆಕ್ಷನ್ ಎಲ್ಲ ಎಂತಕ್ಕೆ, ನಿಮ್ಮ ಬಾಯಿಯೇ ಸಾಕು!"

ನಗುತ್ತಾ ಹೋಗುತ್ತಿದ್ದಳು. ಹುಲ್ಲೆಲ್ಲ ಉಪ್ಪು ಹರವಿದ ಹಾಗೆ. ಅವಳ ಉಸಿರು ಹೊಗೆಯಾಗಿ ಅವಳಿಗಿಂತ ಮುಂದೆ ಹೋಗುತ್ತಿತ್ತು, ಹಿಂದಿನಿಂದ ಗಾಲಿಯ ಕಿಟಿಕಿಟಿ... ಅದು ಕೇಳಿಸದಾಗುವ ತನಕ ನಾನು ಚಹಾ ಹಿಡಿದು ಕಿಟಕಿಯಲ್ಲಿ ನಿಂತಿರುತ್ತಿದ್ದೆ.

ನಮ್ಮ ಹುಬ್ಬಳ್ಳಿಯಲ್ಲಿ ಶ್ರಾವಣ ಅಂದರೆ ಜಿಟಿಜಿಟಿ ಮಳೆ. ಮೆಲ್ಬರ್ನಿನಲ್ಲಿ ಅದೇ ತಿಂಗಳು ಹಲ್ಲು ಕಡಿಯುವ ಚಳಿ. ನಾನು ಕ್ಯಾಲೆಂಡರ್ ನೋಡಿದೆ, ಊರು ನೋಡಲಿಲ್ಲ. ಉಳಿದ ದಿನ ಬಿಸಿಲು ಬಂದ ಮೇಲೆ ಅಂಗಳಕ್ಕೆ ನೀರು ಚಿಮುಕಿಸಿ ಥಳಿ ಹೊಡೆಯುತ್ತಿದ್ದೆ. ಶ್ರಾವಣ ಹಿಡಿದರೆ ಮಾತ್ರ ತಿಂಗಳು ಪೂರ್ತಿ ನಸುಕಿನಲ್ಲೇ ಆಗಬೇಕು. ಮೊದಲ ದಿನ ಐದಕ್ಕೆದ್ದು, ಗೇಟಿನ ಒಳಗೆ ಸಿಮೆಂಟಿನ ಮೇಲೆ ನೀರು ಚಿಮುಕಿಸಿ, ರಂಗೋಲಿ ಎಳೆದು ಒಳಗೆ ಬಂದೆ.

ಕಿಟಿಕಿಟಿ ಸಪ್ಪಳ ಗೇಟಿನ ತನಕ ಬಂತು. ಅಲ್ಲೇ ನಿಂತಿತು.

ಓಡಿದೆ. ನೀರು ಹೆಪ್ಪುಗಟ್ಟಿ ಗಾಜಾಗಿತ್ತು. ಅದರೊಳಗೆ ನನ್ನ ರಂಗೋಲಿ ತೇಲುತ್ತಿದ್ದ ಹಾಗೆ... ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳು ಬಲಗೈ ಎದೆಗೊತ್ತಿಕೊಂಡು ಕೂತಿದ್ದಳು. ಮಗ, ಸೊಸೆ ಎದ್ದು ಬಂದರು. ಆಗ ನನ್ನ ಬಾಯಿಂದ ಬಂದದ್ದು ಇದು: "ಹೇಳಿದ್ನಿಲ್ಲ ನಾ, ಸೈಕಲ್ ಬ್ಯಾಡ ಅಂತ!"

ಅವಳು ಎಡಗೈ ಗ್ಲೌಸಿಗೆ ಹತ್ತಿದ ಬಿಳಿ ಪುಡಿ ನೋಡಿದಳು. ನನ್ನ ಮುಖ ನೋಡಿದಳು. ಗ್ಲೌಸನ್ನು ಹಲ್ಲಿನಿಂದ ಎಳೆದು ತೆಗೆದು ನನ್ನ ಕೈಗೆ ಕೊಟ್ಟಳು.

"ಹೌದು ಮಾರಾಯ್ರೆ, ನಂದೇ ತಪ್ಪು. ಮಂಜು ಬಿದ್ದದ್ದು ನೋಡ್ಲಿಲ್ಲ," ಎಂದು ನನ್ನ ಮಗನಿಗೆ ಹೇಳಿದಳು.

ಅವಳನ್ನು ಎತ್ತುವ ಗಡಿಬಿಡಿಯಲ್ಲಿ, ಆ ಮಬ್ಬಿನಲ್ಲಿ, ಮಗನಾಗಲಿ ಸೊಸೆಯಾಗಲಿ ನೆಲ ನೋಡಲಿಲ್ಲ.

ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಕೆಲಸ ಕೈಬಿಟ್ಟಿತ್ತು. ಸಿಡ್ನಿಯ ಬ್ಲ್ಯಾಕ್‌ಟೌನಿಗೆ, ಅಣ್ಣನ ಮನೆಗೆ ಹೋದಳು. ಕೆಲವು ವರ್ಷದ ಮೇಲೆ ನಾವೂ ಸಿಡ್ನಿಗೆ ಬಂದೆವು. ಕಾರಿನಲ್ಲಿ ಅವಳ ಮನೆ ಅರ್ಧ ಗಂಟೆ. ಹೋಗಿ ಹೇಳಿಬಿಡಬೇಕು ಅಂದುಕೊಂಡೆ. ಮಂಡಿನೋವು ಅಂದೆ, ಮಗನಿಗೆ ಪುರುಸೊತ್ತಿಲ್ಲ ಅಂದೆ... ಗ್ಲೌಸು ಸಿಕ್ಕ ದಿನ ಸೊಸೆಯಿಂದ ಫೋನ್ ಹಚ್ಚಿಸಿದೆ. ಅಣ್ಣ ಎತ್ತಿದ. ಹೋದ ಚಳಿಗಾಲದಲ್ಲಿ ತೀರಿಕೊಂಡಳಂತೆ, ಏನೋ ಕಾಯಿಲೆ.

ಅವಳಿಗೆ ಗೊತ್ತಿತ್ತು. ಗೊತ್ತಿದ್ದವಳಿಗೂ ನಾನು ಬಾಯಿಬಿಟ್ಟು ಹೇಳಬೇಕಿತ್ತು.

ಅವಳು ಬಿದ್ದ ಮರುದಿನ ಬೆಳಿಗ್ಗೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಥಳಿ ನಿಲ್ಲಿಸಿದರೆ ಸೊಸೆ ಯಾಕೆ ಅಂತ ಕೇಳುತ್ತಾಳೆ. ಅದಕ್ಕೇ ಐದಕ್ಕೆದ್ದು ನೀರು ಹೊಡೆದೆ. ಆಮೇಲೆ ಹಳೆ ಟವೆಲ್ ತಂದು, ಮಂಡಿಯೂರಿ ಕೂತು, ಗೇಟಿನ ತನಕ ಒಂದು ಹನಿ ಉಳಿಯದ ಹಾಗೆ ಒರೆಸಿದೆ. ಅವಳ ಸೈಕಲ್ಲು ಗೋಡೆಗೆ ಒರಗಿತ್ತು. ಅವತ್ತು ಆ ದಾರಿಯಲ್ಲಿ ಹೋಗುವವರು ಯಾರೂ ಇರಲಿಲ್ಲ.