ನಾಲ್ಕು ಚೀಲದ ಹೊಟ್ಟೆ

ಮೊನ್ನೆ ಸಿಂಗಸಂದ್ರದಲ್ಲಿ ಒಂದು ಮಾಂಸದಂಗಡಿಯ ಹಿಂದಿನ ಗಲ್ಲಿಯಲ್ಲಿ ಬರುವಾಗ ಆ ವಾಸನೆ ಮೂಗಿಗೆ ಹೊಡೆಯಿತು. ಬಿಸಿನೀರಲ್ಲಿ ಕಲಸಿದ ಸುಣ್ಣ, ಅದರ ಜೊತೆಗೆ ಕುರಿಯ ಹೊಟ್ಟೆಯೊಳಗೆ ಅರ್ಧ ಕರಗಿದ ಹುಲ್ಲು. ಬೇರೆಯವರು ಮೂಗು ಮುಚ್ಚಿಕೊಂಡು ಓಡುವ ಕಡೆ ನಾನು ನಿಂತುಬಿಟ್ಟೆ. ಜೊತೆಗಿದ್ದ ಸೊಸೆ ಗಾಬರಿಯಾಗಿ ಏನಾಯಿತು ಎಂದು ಕೇಳಿದಳು. ಏನಾಯಿತೆಂದು ನನಗೂ ಸರಿಯಾಗಿ ತಿಳಿಯಲಿಲ್ಲ.

ಊರಲ್ಲಿ ನಮ್ಮ ಮನೆಯ ಹಿಂದಿನ ಮನೆಯಲ್ಲಿ ಒಬ್ಬಳು ಅತ್ತೆ ಇದ್ದಳು. ರಕ್ತಸಂಬಂಧವೇನಲ್ಲ, ಊರೆಂದ ಮೇಲೆ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಲೇಬೇಕಲ್ಲ. ಗಂಡ ತೀರಿಕೊಂಡಿದ್ದ, ಇದ್ದೊಬ್ಬ ಮಗಳನ್ನು ಹೊಸೂರಿಗೆ ಕೊಟ್ಟಿದ್ದಳು. ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಆಚೆಯ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಅಂತ ಏನೋ ಬರುತ್ತಿದೆಯಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು, ಏನದು ಎಂದರೆ ಯಾರಿಗೂ ಗೊತ್ತಿರಲಿಲ್ಲ.

ಹಬ್ಬದ ಮಾರನೆಯ ದಿನ ಊರಲ್ಲಿ ಗುಡ್ಡೆಬಾಡು. ಹತ್ತು ಮನೆಯವರು ಸೇರಿ ಒಂದು ಕುರಿ ಕೊಯ್ಯಿಸಿ, ಎಲೆಗಳ ಮೇಲೆ ಸಮಪಾಲಿನ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಹೊಟ್ಟೆ, ಕರುಳು, ಅಂದರೆ ಬೋಟಿ, ತೊಳೆಯುವುದು ಯಾರಿಗೂ ಬೇಡದ ಕೆಲಸ. ಬಿಸಿನೀರು, ಸುಣ್ಣ ಹಾಕಿ ತಿಕ್ಕಿ ಅದನ್ನು ಅತ್ತೆ ಮಾಡುತ್ತಿದ್ದಳು. ಕರುಳಿನೊಳಗೆ ಕಡ್ಡಿ ತೂರಿಸಿ, ಕಾಲುಚೀಲ ತಿರುವಿದ ಹಾಗೆ ಒಳಗಿನದನ್ನು ಹೊರಗೆ ಮಾಡುವುದನ್ನು ನೋಡಲು ನಾನು ತಪ್ಪದೆ ಹೋಗುತ್ತಿದ್ದೆ. ಅವಳ ಪಾಠ ಕೈಯೊಂದಿಗೇ ನಡೆಯುತ್ತಿತ್ತು. ಮೊದಲನೆಯ ದೊಡ್ಡ ಚೀಲಕ್ಕೆ ಹುಲ್ಲು ಸುಮ್ಮನೆ ಹೋಗಿ ಬೀಳುತ್ತದೆ, ಆಮೇಲೆ ಬಾಯಿಗೆ ವಾಪಸು ಬಂದು, ಮೆಲುಕಾಗಿ ಮತ್ತೆ ಇಳಿಯುತ್ತದೆ. ಎರಡನೆಯದರ ಒಳಗೆ ಜೇನುಗೂಡಿನ ಮನೆಗಳು, ಮೂರನೆಯದರಲ್ಲಿ ಹಾಳೆ ಹಾಳೆ, ನಾಲ್ಕನೆಯದರಲ್ಲಿ ನಿಜವಾಗಿ ಕರಗುವುದು. ಒಮ್ಮೆ ಕರುಳನ್ನು ಬಾವಿಕಟ್ಟೆಯಿಂದ ನುಗ್ಗೆಮರದವರೆಗೂ ಎಳೆದು ತೋರಿಸಿದಳು, ಇನ್ನೂ ಮಿಕ್ಕಿತ್ತು.

"ಮನುಸ್ರುದೂ ಇಂಗೇ ಕಣೇ ಮಗ. ಒಟ್ಟೆ ಅಂದ್ರೆ ಎಲ್ರುದೂ ಒಂದೇಯ," ಎಂದಳು.

ಅನುಮಾನಪಡಲು ನನಗೆ ಕಾರಣವಿರಲಿಲ್ಲ. ಒಂಬತ್ತನೆಯ ಕ್ಲಾಸಿನ ಪುಸ್ತಕದಲ್ಲಿ ಮನುಷ್ಯನಿಗೆ ಒಂದೇ ಚೀಲ ಬರೆದದ್ದು ನೋಡಿ, ಪುಟದಲ್ಲಿ ಜಾಗ ಸಾಲದೆ ಮಿಕ್ಕ ಮೂರನ್ನು ಬಿಟ್ಟಿದ್ದಾರೆ ಎಂದುಕೊಂಡೆ. ಪರೀಕ್ಷೆಯಲ್ಲಿ ಪುಸ್ತಕಕ್ಕಿಂತ ಹೆಚ್ಚು ತಿಳಿದವಳ ಗತ್ತಿನಲ್ಲಿ ನಾಲ್ಕನ್ನೂ ಬರೆದೆ. ವಿಜ್ಞಾನದ ಮೇಷ್ಟ್ರು ಆ ಹಾಳೆಯನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದರು. ನೀನು ಮೆಲುಕು ಹಾಕುತ್ತೀಯಾ ಎಂದು ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ ಬ್ಯಾ ಎಂದರು, ಆಮೇಲೆ ಎಲ್ಲರೂ... ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಐವತ್ತು ಸಲ ಬರೆಸಿದರು. ವರ್ಷ ಮುಗಿಯುವವರೆಗೂ ನನ್ನ ಹೆಸರು ಕುರಿ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನನ್ನದು ಮೇಷ್ಟ್ರ ಮೇಲಿನ ಕೋಪ ಅತ್ತೆಯ ಮೇಲೆ. ಅವಳಿಗೆ ಒಂದು ಮಾತೂ ಹೇಳದೆ ಅವಳ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಎದುರು ಸಿಕ್ಕಾಳೆಂದು ಸುತ್ತು ಹಾಕಿ ಸ್ಕೂಲಿಗೆ ಹೋಗುತ್ತಿದ್ದೆ. ಯಾಕೆ ಬರುತ್ತಿಲ್ಲ ಎಂದು ಅವಳು ಅಮ್ಮನನ್ನು ಎರಡು ಮೂರು ಸಲ ಕೇಳಿದಳಂತೆ.

ಹೀಗೇ ಕೆಲವು ತಿಂಗಳು ಕಳೆದಿರಬೇಕು. ಅತ್ತೆಗೆ ಮುದ್ದೆ ಇಳಿಯುತ್ತಿಲ್ಲ, ಬರೀ ಅಂಬಲಿ ಕುಡಿಯುತ್ತಿದ್ದಾಳೆ ಎಂದು ಅಮ್ಮ ಹೇಳಿದಳು. ನಾನು ಕೇಳಿಸಿಕೊಂಡೆ, ಅಷ್ಟೆ. ಒಂದು ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಗೋಡೆಯಾಚೆಯಿಂದ ಅವಳೇ ಕರೆದಳು. ಕೆನ್ನೆ ಒಳಗೆ ಹೋಗಿತ್ತು.

"ತಿಂದದ್ದು ಮ್ಯಾಕ್ ಬತ್ತದೆ ಕಣೇ. ಮೊದಲ್ನೇ ಚೀಲ ಸೋತೋಗದೆ ಅನ್ಸ್ತದೆ. ನಿನ್ನ ಬುಕ್ಕಲ್ಲಿ ಏನ್ ಬರ್ದವ್ರೆ, ವಸಿ ನೋಡೇಳು."

"ನಂಗೊತ್ತಿಲ್ಲ," ಎಂದೆ. ಬಟ್ಟೆ ಎತ್ತಿಕೊಂಡು ಒಳಗೆ ಬಂದೆ.

ಯಾಕೆ ಹಾಗಂದೆ? ಕೋಪವೇ ಎಂದರೆ ಅಷ್ಟು ಹೊತ್ತಿಗೆ ಅದು ಮುಕ್ಕಾಲು ಪಾಲು ಆರಿತ್ತು. ಅವಳು ತಪ್ಪು ಎಂದು ಅವಳಿಗೇ ಹೇಳುವ ಸಂಕೋಚವೋ ಏನೋ. ಇನ್ನೊಂದು ಗೊಂದಲವೂ ಇತ್ತು, ಅದನ್ನು ಈಗ ಹೇಳಿದರೆ ನೆಪ ಹುಡುಕಿದಂತೆ ಕಾಣುತ್ತದೆ. ಮನುಷ್ಯನಿಗೆ ಮೊದಲನೆಯ ಚೀಲವೇ ಇಲ್ಲವೆಂದ ಮೇಲೆ ಅವಳು ತಿಂದದ್ದು ವಾಪಸು ಬರುತ್ತಿದ್ದದ್ದು ಎಲ್ಲಿಂದ? ಪುಸ್ತಕದಲ್ಲಿ ಬಾಣದ ಗುರುತುಗಳೆಲ್ಲ ಕೆಳಮುಖವಾಗಿದ್ದವು. ಅವತ್ತು ಒಂದು ಕ್ಷಣ ಅವಳೇ ಸರಿಯಿರಬಹುದು ಅನ್ನಿಸಿತ್ತೋ... ಅಥವಾ ಹಾಗನ್ನಿಸಿತ್ತೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ.

ಹೊಸೂರಿನಿಂದ ಮಗಳು ಬಂದು ಬಲವಂತವಾಗಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಅಂಬಲಿಯೂ ಇಳಿಯುತ್ತಿರಲಿಲ್ಲ. ಅನ್ನನಾಳದಲ್ಲಿ ಗಡ್ಡೆ, ತುಂಬ ತಡವಾಗಿ ಬಂದಿದ್ದೀರಿ ಎಂದರಂತೆ. ಸಂಕ್ರಾಂತಿಗೆ ಮುಂಚೆಯೇ ಹೋಗಿಬಿಟ್ಟಳು.

ತಿಥಿಯ ದಿನ ಮಗಳು ನನ್ನ ತಲೆ ಸವರಿ, ಪ್ರೀತಿಯಿಂದಲೇ ಹೇಳಿದಳು: "ಆಸ್ಪತ್ರೆಗೆ ಓಗಾನ ಬಾರವ್ವ ಅಂದ್ರೆ, ಇಷ್ಟೊಂದು ಓದೋ ಮಗೀಗೇ ಗೊತ್ತಿಲ್ವಂತೆ, ಡಾಕುಟ್ರಿಗೇನು ಗೊತ್ತಿರ್ತದೆ ಅಂತಿದ್ಲು ಅವ್ವ."

ಆ ಮಾತು ಹೊಟ್ಟೆಯೊಳಗೆ ಉಳಿಯಿತು. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಒಬ್ಬ ಡಾಕ್ಟರನ್ನು ಕೇಳಿದೆ, ಮೂರು ತಿಂಗಳು ಮುಂಚೆ ಹೋಗಿದ್ದರೆ ಬದುಕುತ್ತಿದ್ದಳೇ ಎಂದು. ಈಗ ಹೇಗೆ ಹೇಳುವುದು ಎಂದರು. ಅವರು ಹೌದು ಎಂದಿದ್ದರೂ, ಇಲ್ಲ ಎಂದಿದ್ದರೂ ಒಂದು ದಾರಿಯಾಗುತ್ತಿತ್ತು.

ಅತ್ತೆಯ ಮನೆಯಿದ್ದ ಕಡೆ ಈಗ ಹುಡುಗಿಯರ ಪಿ.ಜಿ. ಎದ್ದಿದೆ. ಬಾವಿ ಎಲ್ಲಿತ್ತೆಂದು ಗುರುತು ಹಿಡಿಯಲೂ ಆಗುವುದಿಲ್ಲ. ಮಗಳಿಗೂ ಎಪ್ಪತ್ತು ದಾಟಿದೆ. ಮದುವೆಮನೆಗಳಲ್ಲಿ ಸಿಕ್ಕಾಗ ಪಕ್ಕಕ್ಕೆ ಕೂರಿಸಿಕೊಂಡು, ಅವ್ವನಿಗೆ ನೀನೆಂದರೆ ಪ್ರಾಣ ಎನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ. ಅವತ್ತು ಪುಸ್ತಕದಲ್ಲಿದ್ದದ್ದು ನನಗೆ ಗೊತ್ತಿತ್ತು ಎಂದು ಅವಳಿಗೆ ಇನ್ನೂ ಹೇಳಿಲ್ಲ.