ಎರಡು ಸಲ ಬಾರಿಸಿದ ಬೆಲ್

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಮೊದಲು ನಗುತ್ತಿದ್ದವಳು ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಹುಡುಗಿಗೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿ ಕರೆತಂದವರಿಗೆ, ಮೊದಲು ಹೊಟ್ಟೆತುಂಬ ನಾಷ್ಟಾ ಕೊಟ್ಟು ಸಾಲೆಗೆ ಕಳಿಸಿ ಎಂದು ಬೈದಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರದೋ ಸತ್ತ ಮಾವ ಕನಸಿನಲ್ಲಿ ಬಂದು ಏನೋ ಹೇಳಿದರೆಂದರೆ, "ರಾತ್ರಿ ಏನ ಉಂಡಿದ್ರಿ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೆ ನಾಚಿಕೆಯಿದೆ. ನೀವು ನಕ್ಕರೂ ಬೇಸರವಿಲ್ಲ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯಬೇಕು ಅಂತಾರೆ. ನನಗೆ ನಡೆದದ್ದು ಬೆಳಗಿನ ಒಂಬತ್ತರ ಬಿಸಿಲಿನಲ್ಲಿ, ತಲೆಯ ಮೇಲೊಂದು ಹೆಲ್ಮೆಟ್ ಇಟ್ಟುಕೊಂಡು ನಿಂತಾಗ.

ನನಗೊಬ್ಬ ತಮ್ಮನಿದ್ದ. ಬಸು, ನನಗಿಂತ ನಾಲ್ಕು ವರ್ಷ ಚಿಕ್ಕವನು. ವಿಜಯಪುರಕ್ಕೆ ಬಂದ ಪ್ರವಾಸಿಗರನ್ನು ಸೈಕಲ್ ಮೇಲೆ ಕರೆದುಕೊಂಡು ಊರು ತೋರಿಸುವುದು ಅವನ ಕೆಲಸ. ಗೋಳಗುಮ್ಮಟ ನೋಡಿ, ನಾಲ್ಕು ಫೋಟೋ ಹೊಡೆದುಕೊಂಡು, ಮಿರ್ಚಿಭಜಿ ತಿಂದು ಬಸ್ಸು ಹತ್ತುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವನು ತೋರಿಸುತ್ತಿದ್ದದ್ದು ನೀರನ್ನು. ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ನೀರು ಬರುತ್ತಿತ್ತು. ಬಸು ಊರೊಳಗಿನ ತಾಜ್ ಬಾವಡಿಯಿಂದ ಶುರುಮಾಡಿ, ಹಳೆಯ ನೀರಿನ ಗೋಪುರಗಳನ್ನು ಹಾದು, ತೊರವಿಯ ಹೊಲಗಳ ತನಕ ಜನರನ್ನು ಒಯ್ಯುತ್ತಿದ್ದ. "ನೀರು ಬಂದ ದಾರೀನ ಹಿಂದಕ್ಕ ಹೋಗೂದು ಅಕ್ಕಾ, ಅಷ್ಟ ನನ್ನ ಕೆಲಸ" ಅನ್ನುತ್ತಿದ್ದ. ಗೇರಿನ ಸೈಕಲ್ ಕೊಂಡ ಮೇಲೂ ಅದರ ಹ್ಯಾಂಡಲ್ಲಿಗೆ ಹಾಕಿಕೊಂಡಿದ್ದದ್ದು ನಮ್ಮ ಅಪ್ಪನ ಸೈಕಲ್ಲಿನ ಹಳೆಯ ಬೆಲ್.

ಆ ಬೆಲ್ಲಿನ ಸಂಗತಿ ಹೇಳಲೇಬೇಕು. ನಾವು ಬೆಳೆದದ್ದು ತಿಕೋಟಾದಲ್ಲಿ. ರಜೆಯಲ್ಲಿ ನಾವಿಬ್ಬರೂ ಸೈಕಲ್ ಮೇಲೆ ಹೊಲದ ದಾರಿ ಹಿಡಿದು ಬಬಲೇಶ್ವರದ ಸೋದರಮಾವನ ಮನೆಗೆ ಹೋಗುತ್ತಿದ್ದೆವು. ನನ್ನದು ಬಾಡಿಗೆ ಸೈಕಲ್. ಅಪ್ಪನ ದೊಡ್ಡ ಸೈಕಲ್ ತನಗೇ ಬೇಕೆಂದು ಬಸುವಿನ ಹಟ. ಕಾಲು ಎಟುಕದೆ, ನಡುವಿನ ಸರಳಿನ ಕೆಳಗೆ ಕಾಲು ತೂರಿಸಿ ಓರೆಯಾಗಿ ತುಳಿಯುತ್ತಿದ್ದ. ಚಳಿಗಾಲದಲ್ಲಿ ಜೋಳ ಆಳಿಗಿಂತ ಎತ್ತರ ನಿಂತಿರುತ್ತದೆ, ಹತ್ತು ಮಾರು ಹಿಂದೆ ಬಿದ್ದರೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೆ ನಾವೊಂದು ಪದ್ಧತಿ ಮಾಡಿಕೊಂಡಿದ್ದೆವು. ಹಿಂದೆ ಬಿದ್ದ ಬಸು ಎರಡು ಸಲ ಬೆಲ್ ಹೊಡೆಯುತ್ತಿದ್ದ. ಅಂದರೆ, "ಎಲ್ಲಿದ್ದಿ?" ನಾನು ಒಂದು ಸಲ ಹೊಡೆಯುತ್ತಿದ್ದೆ. ಅಂದರೆ, "ಇಲ್ಲೇ ಅದೇನಿ." ಒಮ್ಮೆ ಅವನು ಹಳ್ಳದ ಕಲ್ಲುಗಳ ಮೇಲೆ ಬಿದ್ದು ಬೆಲ್ಲಿನ ಮುಚ್ಚಳಕ್ಕೆ ತಗ್ಗು ಬಿತ್ತು. ಅಂದಿನಿಂದ ಅದು ಟ್ರಿಣ್ ಅಂದ ಮೇಲೆ ಕೊನೆಗೊಂದು ಮೊಂಡು ಟಕ್ ಅನ್ನುತ್ತಿತ್ತು. ಅಂಥ ಸದ್ದಿನ ಬೆಲ್ ಇನ್ನೊಂದನ್ನು ನಾನು ಕೇಳಿಲ್ಲ. ಆ ಸದ್ದಿಗೆ ಆಗೆಲ್ಲ ನಾನು ಓಗೊಡದ ದಿನವಿರಲಿಲ್ಲ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಬಸು ಎಷ್ಟೋ ವರ್ಷದಿಂದ ತನ್ನ ಸೈಕಲ್ ಪ್ರವಾಸಕ್ಕೆ ಬಾ ಎಂದು ಕರೆಯುತ್ತಿದ್ದ. ನಿವೃತ್ತಿಯಾದ ಮೇಲೆ ಒಂದು ಭಾನುವಾರ ಕಡೆಗೂ ತಾಜ್ ಬಾವಡಿಗೆ ಆಟೊ ಮಾಡಿಕೊಂಡು ಹೋದೆ. ಅಂದು ಹೊರಗಿನ ಊರಿನ ಶಿಕ್ಷಕರ ಗುಂಪೊಂದು ಬಂದಿತ್ತು. ಬಾವಡಿಯ ಮೆಟ್ಟಿಲ ಮೇಲೆ ನಿಂತು ಬಸು ಅವರಿಗೆ, "ಈ ನೀರು ಕೇಳಿದ್ದನ್ನ ಮರೀಯೂದಿಲ್ರಿ. ಇಲ್ಲಿ ಕೂಗಿದ್ದು ಸುರಂಗದಾಗ ಹೋಗಿ ಎಲ್ಲೋ ಕುಂತಿರ್ತೈತಿ. ತಕ್ಕವರು ಬಂದಾಗ ತಿರುಗಿ ಬರ್ತೈತಿ" ಅಂದ. ನನಗೆ ತಡೆಯಲಾಗಲಿಲ್ಲ. ನಾಲಿಗೆ ತುರಿಸುವುದು ನನ್ನ ಹಳೆಯ ರೋಗ. "ಅದಕ್ಕ ಪ್ರತಿಧ್ವನಿ ಅಂತಾರ. ನೀವೂ ಮಕ್ಕಳಿಗೆ ಕಲಿಸಿರಬೇಕಲ್ಲ? ನಮ್ಮ ತಮ್ಮ ನಿಮಗ ಪುಕ್ಕಟೆ ಪುರಾಣ ಹೇಳಾಕತ್ತಾನ" ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ಗುಂಪು ಗೊಳ್ಳೆಂದು ನಕ್ಕಿತು. ಬಸು ನಗಲಿಲ್ಲ.

ಅವನು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಮಂದಿ ಮುಂದ ನನ್ನ ಮಾನ ಕಳದಿ" ಅಂದ.

"ಸುಳ್ಳ ಹೇಳಬ್ಯಾಡ, ಯಾರೂ ಕಳಿಯೂದಿಲ್ಲ."

"ಆತು ಬಿಡು. ತೊರವಿ ತನಾರ ಬಾ. ಅಲ್ಲಿ ನಿನಗೊಂದು ತೋರಸೂದೈತಿ. ನಿನಗಷ್ಟ."

ನಾನು ಕೇಳಲಿಲ್ಲ. ಬಿಸಿಲಾಯಿತೆಂದು ನೆಪ ಹೇಳಿ ಅದೇ ಆಟೊದಲ್ಲಿ ಜಲನಗರದ ಮನೆಗೆ ಬಂದೆ. ಆಮೇಲೆ ಸುಮಾರು ಒಂದು ತಿಂಗಳು ನಾವು ಮಾತಾಡಲಿಲ್ಲ. ಚಿಕ್ಕವನು ಅವನು, ಅವನೇ ಮೊದಲು ಮಾತಾಡಲಿ ಎಂದು ನಾನು ಬಿಗಿದುಕೊಂಡು ಕೂತಿದ್ದೆ.

ಅವನೇ ಮೊದಲು ಮಾತಾಡಲು ನೋಡಿದ. ಒಂದು ಬೆಳಿಗ್ಗೆ, ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು, ನಾನು ಚಹಾ ಕುದಿಸುತ್ತಿದ್ದೆ. ಅಡುಗೆಕಟ್ಟೆಯ ಮೇಲಿದ್ದ ಫೋನಿನಲ್ಲಿ ಬಸುವಿನ ಹೆಸರು ಬಂತು. ನಾನು ನೋಡುತ್ತ ನಿಂತೆ. ರಿಂಗಾಗಿ ನಿಂತಿತು. ಮತ್ತೆ ರಿಂಗಾಯಿತು. ಈಗ ದಾರಿಗೆ ಬಂದ ಎಂದು ಮನಸ್ಸಿನಲ್ಲೇ ಗೆದ್ದವಳ ಹಾಗೆ ಅಂದುಕೊಂಡೆ, ಸಂಜೆ ಮಾತಾಡಿದರಾಯಿತು ಎಂದು ಚಹಾ ಸೋಸಿದೆ. ಏಳು ಗಂಟೆಗೆ ಸುನಂದಾಳ ಫೋನು ಬಂತು. ಸುನಂದಾ ತೊರವಿಯವಳು, ಬಸುವಿನ ಹತ್ತಿರವೇ ಗೈಡ್ ಕೆಲಸ ಕಲಿತು ಅವನ ಜೊತೆ ದುಡಿಯುತ್ತಿದ್ದವಳು. ಬಸು ದಿನದಂತೆ ಭೂತನಾಳ ಕೆರೆಯ ಕಡೆ ಸೈಕಲ್ ಮೇಲೆ ಹೋಗಿದ್ದನಂತೆ. ಏರಿಯ ಮೇಲೆ ಕೂತವನು ಕೂತಲ್ಲೇ ಹೋಗಿದ್ದ. ಹೃದಯಾಘಾತ ಅಂದರು. ಕೈಯಲ್ಲಿ ಫೋನಿತ್ತಂತೆ.

ನಮ್ಮಲ್ಲಿ ಕೂರಿಸಿ ಹೂಳುವುದು ರೂಢಿ. ತಿಕೋಟಾದ ಹೊಲದಲ್ಲಿ ಅವನನ್ನು ಮಣ್ಣು ಮಾಡಿದೆವು. ಅವನ ಹೆಂಡತಿ ಶಾಂತಾ ಸೈಕಲ್ಲಿನಿಂದ ಆ ಬೆಲ್ ಬಿಚ್ಚಿ, ಅವನ ಟವೆಲ್ಲಿನಲ್ಲಿ ಸುತ್ತಿ, ಕುಣಿಯೊಳಗೆ ಅವನ ತೊಡೆಯ ಮೇಲೆ ಇಡಿಸಿದಳು. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಕುಣಿಯ ಅಂಚಿನಲ್ಲಿ ನಿಂತು ಕಣ್ಣಾರೆ ಕಂಡಿದ್ದೇನೆ. ಮೊದಲ ಹಿಡಿ ಮಣ್ಣು ಟವೆಲ್ಲಿನ ಮೇಲೆ ಬಿದ್ದಾಗ ಒಳಗಿನ ಬೆಲ್ ಸಣ್ಣಗೆ ಸದ್ದು ಮಾಡಿತು. ನಾನು ಅಂದು ಅತ್ತದ್ದು ಆಗಲೇ.

ವರ್ಷ ತುಂಬಿದ ಮೇಲೆ ಸುನಂದಾ ಮನೆಗೆ ಬಂದಳು. "ಟೀಚರ್, ಬರೂ ತಿಂಗಳ ಮೊದಲ ಭಾನುವಾರ ಸರ್ ಹೆಸರಲೇ ಒಂದು ರೌಂಡ್ ಮಾಡಾಕತ್ತೇನಿ. ನೀವು ಬರಬೇಕ್ರಿ. ಬರೂದಿಲ್ಲ ಅಂದ್ರ ನಾ ಇಲ್ಲಿಂದ ಏಳೂದಿಲ್ಲ" ಎಂದು ಕೂತುಬಿಟ್ಟಳು. ಸೈಕಲ್ ಮುಟ್ಟಿ ನಲವತ್ತು ವರ್ಷವಾಗಿತ್ತು. ಜಲನಗರದ ರಸ್ತೆಯಲ್ಲಿ ಹದಿನೈದು ದಿನ ರೂಢಿ ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಸ್ಕೂಟರ್ ನಿಲ್ಲಿಸಿ, "ಏನ್ರಿ ಟೀಚರ್, ಒಲಿಂಪಿಕ್ಸಾ?" ಎಂದು ಕೇಳಿದರು. ಕೇಳಲಿ ಬಿಡಿ ಅಂದುಕೊಂಡೆ. ತೊರವಿಯಲ್ಲಿ ಅವನು ನನಗೆ ತೋರಿಸಬೇಕೆಂದಿದ್ದದ್ದು ಏನೆಂದು ನನಗೆ ನೋಡಬೇಕಾಗಿತ್ತು.

ಆ ಭಾನುವಾರ ಏಳು ಜನ ಹೊರಟೆವು. ಪುಣೆಯ ಎರಡು ಜೋಡಿ ಗಂಡಹೆಂಡತಿ, ಅಂದರೆ ನಾಲ್ವರು, ಕಲಬುರಗಿಯ ಒಬ್ಬ ವಕೀಲರು, ಸುನಂದಾ, ಮತ್ತು ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ನಾನು. ತಾಜ್ ಬಾವಡಿಯ ಮೆಟ್ಟಿಲ ಮೇಲೆ ಸುನಂದಾ ಬಸುವಿನ ಮಾತುಗಳನ್ನೇ ಹೇಳಿದಳು, ನೀರು ಮರೆಯುವುದಿಲ್ಲ ಎಂಬುದನ್ನೂ ಹೇಳಿದಳು. ಹೇಳಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ನೀರಿನ ಗೋಪುರಗಳನ್ನು ದಾಟಿ, ಊರು ಬಿಟ್ಟು ತೊರವಿಯ ಹೊಲಗಳಿಗೆ ಬರುವಷ್ಟರಲ್ಲಿ ಒಂಬತ್ತಾಗುತ್ತ ಬಂದಿತ್ತು.

ಅಲ್ಲಿ ಸುರಂಗದ ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಒಳಗೆ ಗಾಳಿಯಾಡಲು, ಹೂಳು ತೆಗೆಯುವವರು ಇಳಿಯಲು ಹಿಂದಿನವರು ತೋಡಿದವು. ಒಂದು ಬಾಯಿಯ ಹತ್ತಿರ ಸೈಕಲ್ ನಿಲ್ಲಿಸಿ ಸುನಂದಾ ನನಗೆ, "ನಿಮಗ ದಣಿವಾಗೇತಿ, ನೀವು ಇಲ್ಲೇ ಇರ್ರಿ ಟೀಚರ್. ನಾವು ಮುಂದಿನ ಬಾಯಿಗೆ ಹೋಗ್ತೇವಿ. ಸರ್ ಇಲ್ಲಿ ಯಾವಾಗಲೂ ಒಂದು ಆಟ ಆಡಸ್ತಿದ್ರು. ಅಲ್ಲಿಂದ ನಾನು ಸುರಂಗದಾಗ ಎರಡು ಸಲ ಬೆಲ್ ಹೊಡಿತೇನಿ. ಎಲ್ಲಿದ್ದಿ ಅಂತ ಕೇಳಿದಂಗ. ನಿಮಗ ಕೇಳಿಸಿದ್ರ ಒಂದು ಸಲ ಹೊಡೀರಿ, ಇಲ್ಲೇ ಅದೇನಿ ಅಂತ" ಅಂದಳು.

ಅವನು ನನಗಷ್ಟೇ ತೋರಿಸಬೇಕೆಂದಿದ್ದದ್ದು ಇದೇ. ನಮ್ಮ ಜೋಳದ ಹೊಲದ ಆಟವನ್ನು ಎಲ್ಲಿಂದಲೋ ಬಂದ ಮಂದಿಗೆಲ್ಲ ಆಡಿಸುತ್ತಿದ್ದ. ಅದು ಯಾರ ಆಟ ಎಂದು ಸುನಂದಾಗೂ ಗೊತ್ತಿರಲಿಲ್ಲ.

ಅವರು ಬದುವಿನ ಮೇಲೆ ಸಾಲಾಗಿ ಹೋಗಿ ಜಾಲಿಗಿಡಗಳ ಹಿಂದೆ ಮರೆಯಾದರು. ನಾನು ಸೈಕಲ್ಲನ್ನು ಬಾಯಿಯ ಕಟ್ಟೆಗೆ ಆನಿಸಿ, ಬಗ್ಗಿ, ಹೆಬ್ಬೆರಳನ್ನು ಬೆಲ್ಲಿನ ಮೇಲೆ ಇಟ್ಟುಕೊಂಡು ನಿಂತೆ. ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬರುತ್ತಿತ್ತು. ಎರಡು ನಿಮಿಷ ಕಳೆದಿರಬಹುದು. ಕೆಳಗಿಂದ ಬೆಲ್ ಕೇಳಿಸಿತು. ಟ್ರಿಣ್, ಟಕ್. ಸ್ವಲ್ಪ ಬಿಟ್ಟು ಮತ್ತೆ, ಟ್ರಿಣ್, ಟಕ್.

ನಾನು ಕೇಳಿದ್ದು ಅದೇ ಸದ್ದು. ಬೇರೆ ಯಾವುದನ್ನಾದರೂ ಅನುಮಾನಿಸಿ, ಇದೊಂದನ್ನು ಅನುಮಾನಿಸಬೇಡಿ. ಆ ಕೊನೆಯ ಟಕ್ ಕೇಳುತ್ತಲೇ ಬೆಳೆದವಳು ನಾನು. ಹೆದರಿಕೆಯಾಯಿತೇ ಎಂದರೆ ಇಲ್ಲ. ಹೆಬ್ಬೆರಳು ಬೆಲ್ಲಿನ ಮೇಲೇ ಇತ್ತು. ಒತ್ತಿದರೆ ಸಾಕಿತ್ತು. ಒತ್ತಲಾಗಲಿಲ್ಲ. ಇದು ಹೇಗೆ ಸಾಧ್ಯ, ಸದ್ದು ಯಾವ ಕಡೆಯಿಂದ ಬಂತು, ಸುನಂದಾಳ ಬೆಲ್ಲೇ ಸುರಂಗದೊಳಗೆ ಹೀಗೆ ಕೇಳಿಸಿತೇ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಆ ಲೆಕ್ಕ ಮುಗಿಯುವುದರೊಳಗೆ ಸುರಂಗ ಸುಮ್ಮನಾಗಿತ್ತು. ಆಮೇಲೆ ಹೊಡೆದೆ. ಒಂದು ಸಲ. ಉತ್ತರ ಬರಲಿಲ್ಲ. "ಬಸೂ" ಎಂದು ಕೂಗಿದೆ. ನನ್ನ ದನಿಯೇ ತಿರುಗಿ ಬಂತು, ಅದು ಪ್ರತಿಧ್ವನಿ.

ಫೋನು ಹೊಡೆದುಕೊಂಡಿತು. ಸುನಂದಾ. "ಟೀಚರ್, ತಡ ಆತು, ಸಿಟ್ಟಾಗಬ್ಯಾಡ್ರಿ. ವಕೀಲರ ಸೈಕಲ್ ಚೈನ್ ಬಿದ್ದಿತ್ತು, ದಾರ್‍ಯಾಗ ನಿಂತೇವಿ. ಇನ್ನೂ ಬಾಯಿ ಮುಟ್ಟಿಲ್ರಿ."

"ನೀ ಬೆಲ್ ಹೊಡೀಲಿಲ್ಲೇನು?"

"ಇಲ್ರಿ. ಹೋಗಿ ಹೊಡಿತೇನಿ, ನೀವು ಕಿವಿಗೊಟ್ಟು ಕೇಳ್ರಿ."

ಇನ್ನೂ ಐದು ನಿಮಿಷದ ಮೇಲೆ ಅವಳ ಬೆಲ್ ಕೇಳಿಸಿತು. ಹೊಸ ಬೆಲ್, ಸ್ವಚ್ಛವಾದ ಟಿಣ್ ಟಿಣ್. ನಾನು ಒಂದು ಸಲ ಹೊಡೆದೆ. ದೂರದಲ್ಲಿ ಪುಣೆಯವರು ಚಪ್ಪಾಳೆ ತಟ್ಟಿದ್ದು ಗಾಳಿಯಲ್ಲಿ ಬಂತು. ಅವರು ತಿರುಗಿ ಬಂದಾಗ ನಾನು ನೆಲದ ಮೇಲೆ ಕೂತಿದ್ದೆ. "ಯವ್ವಾ, ಬಿಸಿಲು ಬಡೀತೇನ್ರಿ?" ಎಂದು ಸುನಂದಾ ನೀರು ಕುಡಿಸಿದಳು. ಹೌದು, ಬಿಸಿಲು ಎಂದೆ.

ಮೂವತ್ತು ವರ್ಷದ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ? ಅಂದೇ ಎಲ್ಲರ ಬೆಲ್ಲನ್ನೂ ಹೊಡೆಸಿ ಕೇಳಿದೆ, ಯಾವುದರಲ್ಲೂ ಆ ಟಕ್ ಇರಲಿಲ್ಲ. ಮರುವಾರ ಹೋಗಿ ಸುತ್ತಲಿನ ಹೊಲದವರನ್ನು ವಿಚಾರಿಸಿದೆ, ಆ ಹೊತ್ತಿಗೆ ಅತ್ತ ಸೈಕಲ್ ತಂದವರು ಯಾರೂ ಇಲ್ಲವೆಂದರು. ಬೇರೊಂದು ಬೆಲ್ಲಿನ ಮುಚ್ಚಳ ಜಜ್ಜಿ ಸುನಂದಾಳಿಂದ ಸುರಂಗದಲ್ಲಿ ಹೊಡೆಸಿದೆ. ಅದು ಖಣ್ ಎಂದಿತೇ ಹೊರತು ಟಕ್ ಅನ್ನಲಿಲ್ಲ. ನೆನಪು ಕಿವಿಯಲ್ಲಿ ಸದ್ದು ಮಾಡಬಲ್ಲದು ಎಂದು ಓದಿದ್ದೇನೆ. ಅದೂ ಇರಬಹುದು. ಆದರೆ ಆ ಕ್ಷಣ ನಾನು ಕಾಯುತ್ತಿದ್ದದ್ದು ಸುನಂದಾಳ ಬೆಲ್ಲಿಗೆ, ಅವನದಕ್ಕಲ್ಲ.

ಶಾಂತಾಗೆ ಹೇಳಬಾರದೆಂದಿದ್ದೆ, ಒಂದು ದಿನ ಹೇಳಿಬಿಟ್ಟೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ನನ್ನ ಮಾತನ್ನು ಅಲ್ಲಗಳೆಯಲೂ ಇಲ್ಲ. ಎಲ್ಲ ಕೇಳಿಕೊಂಡು, "ಅವರು ಏನ ಕೇಳಿದಂಗಾತು ಅಕ್ಕಾ?" ಅಂದಳು.

"ಎಲ್ಲಿದ್ದಿ ಅಂದ."

"ನೀವೇನಂದ್ರಿ?"

ಅವಳು ಮುಗ್ಧವಾಗಿಯೇ ಕೇಳಿದಳು, ಚುಚ್ಚಬೇಕೆಂದಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಅತ್ತೆ.

ಆ ಬೆಲ್ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದಿದ್ದರೂ ನಡೆದೀತು. ಅಡುಗೆಮನೆಯಲ್ಲಿ ಫೋನು ಎರಡು ಸಲ ಹೊಡೆದುಕೊಂಡಾಗ ಹಟದಿಂದ ಸುಮ್ಮನಿದ್ದೆ. ತೊರವಿಯಲ್ಲಿ ಎರಡು ಸಲ ಬೆಲ್ ಬಂದಾಗ ಜಾಣತನದಿಂದ ಸುಮ್ಮನಿದ್ದೆ. ಈಗ ತಿಂಗಳಿಗೊಮ್ಮೆ ಸುನಂದಾಳ ಗುಂಪಿನ ಜೊತೆ ಹೋಗುತ್ತೇನೆ. ಅವರೆಲ್ಲ ಮುಂದಿನ ಬಾಯಿಗೆ ಹೋದ ಮೇಲೆ, ಯಾರೂ ಕೇಳುವ ಮೊದಲೇ, ಸುರಂಗದೊಳಗೆ ಬಗ್ಗಿ ಒಂದು ಸಲ ಬೆಲ್ ಹೊಡೆಯುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಿರುತ್ತೇನೆ. ಇಲ್ಲಿಯ ತನಕ ಸುನಂದಾಳದ್ದು ಬಿಟ್ಟು ಬೇರೆ ಯಾವ ಬೆಲ್ಲೂ ಬಂದಿಲ್ಲ.